ಗಡಿ ದಾಟಿದವನು ನಾಗರಿಕನೋ, ಓಡಿಹೋದವನೋ?

ಕಳೆದ ಜನವರಿಯಲ್ಲಿ ಮಣ್ಣಿನ ಮಾದರಿ ಸಂಗ್ರಹಿಸಲೆಂದು ನಮ್ಮ ತಾಲ್ಲೂಕಿನ ಕಾಫಿ ತೋಟವೊಂದಕ್ಕೆ ಹೋಗಿದ್ದೆ. ರೋಬಸ್ಟಾ ಕೊಯ್ಲು ಅರ್ಧಕ್ಕೇ ನಿಂತಿತ್ತು. ಹಣ್ಣು ಗಿಡದಲ್ಲೇ ಒಣಗಿ ಕಪ್ಪಾಗುತ್ತಿತ್ತು. ತೋಟದ ಯಜಮಾನರು ಬೇಸರದಿಂದ ಹೇಳಿದರು: "ಅಸ್ಸಾಮಿನವರು ಆರು ಜನ ಇದ್ರು ಡಾಕ್ಟ್ರೇ. ಅಡ್ವಾನ್ಸ್ ತಗೊಂಡು ರಾತ್ರೋರಾತ್ರಿ ಓಡಿಹೋದ್ರು. ಸ್ಟೇಷನ್ನಿಗೆ ಕಂಪ್ಲೇಂಟ್ ಕೊಡೋಣ ಅಂತಿದ್ದೀನಿ." ಅವರ ನಷ್ಟ ನಿಜವಾದುದು. ಹತ್ತು ಎಕರೆಯ ಬೆಳೆಗಾರನಿಗೆ ಕೊಯ್ಲಿನ ಹದಿನೈದು ದಿನ ತಪ್ಪಿದರೆ ವರ್ಷದ ಲೆಕ್ಕವೇ ತಪ್ಪುತ್ತದೆ. ಆದರೆ ಮನೆಗೆ ಮರಳುವಾಗ ಅವರು ಬಳಸಿದ 'ಓಡಿಹೋದರು' ಎಂಬ ಪದ ನನ್ನನ್ನು ಕಾಡುತ್ತಲೇ ಇತ್ತು. ನಮ್ಮ ಮನೆಯ ಹುಡುಗನೊಬ್ಬ ಬೆಂಗಳೂರಿನ ಕಂಪನಿಯನ್ನು ಬಿಟ್ಟು ಪುಣೆಗೆ ಹೋದರೆ ನಾವು 'ಕೆಲಸ ಬದಲಿಸಿದ' ಎನ್ನುತ್ತೇವೆ. ಲೈನು ಮನೆಯಲ್ಲಿದ್ದ ಕೂಲಿಯಾಳು ಅದನ್ನೇ ಮಾಡಿದರೆ ಅವನು ಹೇಗೆ ಓಡಿಹೋದವನಾಗುತ್ತಾನೆ?

ರಾಜ್ಯದ ಗಡಿಯನ್ನು ದಾಟಿ ಬಂದ ಮನುಷ್ಯನನ್ನು ಕಾನೂನು ಯಾವ ಹೆಸರಿನಿಂದ ಕರೆಯಬೇಕು? ಈ ಪ್ರಶ್ನೆಯನ್ನು ಲಿಖಿತ ಸಂವಿಧಾನದಲ್ಲಿ ಬಹಳ ಮೊದಲೇ ಎದುರಿಸಿದ ದೇಶ ಅಮೆರಿಕಾ ಸಂಯುಕ್ತ ಸಂಸ್ಥಾನ. ಅವರು ಅದಕ್ಕೆ ಕೊಟ್ಟುಕೊಂಡ ಉತ್ತರಗಳೂ ಆ ಉತ್ತರಗಳಿಗೆ ತೆತ್ತ ಬೆಲೆಯೂ ಬೆಟ್ಟಸೀಮೆಯ ನಮಗೆ ತಿಳಿದಿರಬೇಕಾದ ಸಂಗತಿಗಳೆಂದು ನನಗನ್ನಿಸುತ್ತದೆ.

ಒಂದೇ ಪ್ರಕರಣದ ಮೂರು ವಾಕ್ಯಗಳು

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ ಪ್ರತಿನಿಧಿಗಳು ರಚಿಸಿದ ಸಂವಿಧಾನದ ನಾಲ್ಕನೆಯ ವಿಧಿಯ ಎರಡನೆಯ ಪ್ರಕರಣದಲ್ಲಿ ಮೂರು ವಾಕ್ಯಗಳಿವೆ. ಮೊದಲನೆಯದು ಹಕ್ಕಿನ ವಾಕ್ಯ: ಒಂದು ರಾಜ್ಯದ ನಾಗರಿಕನಿಗೆ ಇತರ ರಾಜ್ಯಗಳಲ್ಲಿ ಅಲ್ಲಿನ ನಾಗರಿಕರಿಗಿರುವ ಹಕ್ಕುಬಾಧ್ಯತೆಗಳೆಲ್ಲ ಸಲ್ಲಬೇಕು. ಎರಡನೆಯದು ಆರೋಪಿಯನ್ನು ಕುರಿತದ್ದು: ಒಂದು ರಾಜ್ಯದಲ್ಲಿ ಅಪರಾಧದ ಆರೋಪ ಹೊತ್ತು ಇನ್ನೊಂದು ರಾಜ್ಯಕ್ಕೆ ತಲೆತಪ್ಪಿಸಿಕೊಂಡು ಹೋದವನನ್ನು, ಮೊದಲ ರಾಜ್ಯದ ಆಡಳಿತ ಮುಖ್ಯಸ್ಥರು ಕೇಳಿದರೆ ಒಪ್ಪಿಸಬೇಕು. ಮೂರನೆಯದು ದುಡಿಯುವವನನ್ನು ಕುರಿತದ್ದು: ಒಂದು ರಾಜ್ಯದ ಕಾನೂನಿನಂತೆ 'ಸೇವೆಗೆ ಅಥವಾ ದುಡಿಮೆಗೆ' ಬದ್ಧನಾದವನು ಇನ್ನೊಂದು ರಾಜ್ಯಕ್ಕೆ ತಪ್ಪಿಸಿಕೊಂಡು ಹೋದರೆ, ಅವನ ದುಡಿಮೆಗೆ ಹಕ್ಕುದಾರನಾದವನು ಕೇಳಿದೊಡನೆ ಹಿಂತಿರುಗಿಸಬೇಕು. ಇಲ್ಲಿ 'ಗುಲಾಮ' ಎಂಬ ಶಬ್ದವಿಲ್ಲ. ಅದನ್ನು ಬರೆಯಲು ಅವರಿಗೆ ನಾಚಿಕೆಯಾಗಿತ್ತು. ಆದರೆ ಈ ವಾಕ್ಯವನ್ನು ಕೇಳಿ ಸೇರಿಸಿದವರು ದಕ್ಷಿಣ ಕೆರೊಲಿನಾದ ಪ್ರತಿನಿಧಿಗಳು. ಅರ್ಥದ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ.

ಹೀಗೆ ಗಡಿ ದಾಟುವ ನಾಗರಿಕ, ಆರೋಪಿ, ಗುಲಾಮ ಮೂವರೂ ಒಂದೇ ಚಾವಡಿಯಲ್ಲಿ ಪಕ್ಕಪಕ್ಕ ನಿಂತರು. ಇವರಲ್ಲಿ ಯಾರ ಪರವಾಗಿ ಸರ್ಕಾರದ ಯಂತ್ರ ಮೊದಲು ಚಲಿಸಿತು ಎಂಬುದನ್ನು ನೋಡಿದರೆ ಆ ದೇಶದ ಮನಸ್ಸು ತಿಳಿಯುತ್ತದೆ.

ಪೆನ್ಸಿಲ್ವೇನಿಯಾದಲ್ಲಿದ್ದ ಜಾನ್ ಡೇವಿಸ್ ಎಂಬ ಕಪ್ಪು ಮನುಷ್ಯನನ್ನು ಮೂವರು ವರ್ಜೀನಿಯಾದವರು ಅಪಹರಿಸಿ ಒಯ್ದಿದ್ದರು. ಅಪಹರಣದ ಆರೋಪಿಗಳನ್ನು ಒಪ್ಪಿಸುವಂತೆ 1791ರಲ್ಲಿ ಪೆನ್ಸಿಲ್ವೇನಿಯಾದ ಗವರ್ನರು ಕೇಳಿದಾಗ ವರ್ಜೀನಿಯಾದ ಗವರ್ನರು ನಿರಾಕರಿಸಿದರು. ದೂರು ಅಧ್ಯಕ್ಷ ವಾಷಿಂಗ್ಟನ್ನರ ತನಕ ಹೋಯಿತು. ಅದರ ಫಲವಾಗಿ 1793ರಲ್ಲಿ ಒಂದು ಕಾಯ್ದೆ ಬಂದಿತು. ವಿಪರ್ಯಾಸವನ್ನು ಗಮನಿಸಿ: ಅಪಹೃತನಾದ ಒಬ್ಬ ಮನುಷ್ಯನಿಂದ ಆರಂಭವಾದ ವಿವಾದ, ಗುಲಾಮರ ಒಡೆಯರು ಗಡಿ ದಾಟಿ ಬಂದು ತಮ್ಮ 'ಸ್ವತ್ತನ್ನು' ಹಿಡಿದೊಯ್ಯುವುದನ್ನು ಸಲೀಸು ಮಾಡಿಕೊಟ್ಟ ಕಾಯ್ದೆಯಲ್ಲಿ ಮುಗಿಯಿತು. 1850ರ ಕಾಯ್ದೆ ಇನ್ನೂ ಕಠಿಣವಾಯಿತು. ಹಿಡಿಯಲ್ಪಟ್ಟವನು ತನ್ನ ಪರ ಸಾಕ್ಷಿ ನುಡಿಯುವಂತಿರಲಿಲ್ಲ. ಪಂಚರ ವಿಚಾರಣೆ ಇರಲಿಲ್ಲ. ಅವನನ್ನು ಒಡೆಯನಿಗೆ ಒಪ್ಪಿಸಿದರೆ ವಿಚಾರಣಾಧಿಕಾರಿಗೆ 10 ಡಾಲರು, ಬಿಡುಗಡೆ ಮಾಡಿದರೆ 5 ಡಾಲರು ಶುಲ್ಕ. ಅವನಿಗೆ ಅನ್ನ, ಆಶ್ರಯ ಕೊಟ್ಟವರಿಗೆ 1000 ಡಾಲರ್ ತನಕ ದಂಡ, 6 ತಿಂಗಳ ತನಕ ಸೆರೆ.

ಮೊದಲನೆಯ ವಾಕ್ಯಕ್ಕೆ ಇಂಥ ಯಾವ ಯಂತ್ರವೂ ಇರಲಿಲ್ಲ. 1822ರಲ್ಲಿ ದಕ್ಷಿಣ ಕೆರೊಲಿನಾ ಒಂದು ಕಾನೂನು ಮಾಡಿತು: ಚಾರ್ಲ್ಸ್‌ಟನ್ ಬಂದರಿಗೆ ಬರುವ ಹಡಗುಗಳಲ್ಲಿ ಸ್ವತಂತ್ರ ಕಪ್ಪು ನಾವಿಕರಿದ್ದರೆ ಹಡಗು ಹೊರಡುವ ತನಕ ಅವರನ್ನು ಸೆರೆಯಲ್ಲಿಡಬೇಕು. ಮ್ಯಾಸಚೂಸೆಟ್ಸ್ ರಾಜ್ಯವು ತನ್ನ ನಾಗರಿಕರ ಹಕ್ಕನ್ನು ನ್ಯಾಯಾಲಯದಲ್ಲಿ ಕೇಳಲೆಂದು 1844ರಲ್ಲಿ ಸ್ಯಾಮ್ಯುಯೆಲ್ ಹೋರ್ ಎಂಬ ವಕೀಲರನ್ನು ಅಲ್ಲಿಗೆ ಕಳಿಸಿತು. ಅಲ್ಲಿನ ಶಾಸನಸಭೆ ಅವರನ್ನು ಹೊರಗಟ್ಟುವ ನಿರ್ಣಯ ಮಾಡಿತು. ಗುಂಪಿನ ಬೆದರಿಕೆಗೆ ಸಿಲುಕಿ ಅವರು ಬರಿಗೈಯಲ್ಲಿ ಮರಳಿದರು. ಗುಲಾಮನನ್ನು ಹಿಂತಿರುಗಿಸಲು ದಂಡಾಧಿಕಾರಿ, ಶುಲ್ಕ, ಸೆರೆಮನೆ ಎಲ್ಲವೂ ಇದ್ದವು. ನಾಗರಿಕನ ಹಕ್ಕನ್ನು ಕೇಳಲು ಹೋದವನಿಗೆ ಉಳಿದುಕೊಳ್ಳಲು ಜಾಗವೂ ಇರಲಿಲ್ಲ. ಸಂವಿಧಾನದಲ್ಲಿ ಹಕ್ಕು ಬರೆದಿದೆಯೇ ಎಂದು ಕೇಳಿದರೆ ಸಾಲದು, ಆ ಹಕ್ಕಿಗೆ ಕೈಕಾಲು ಕೊಟ್ಟವರು ಯಾರು ಎಂದೂ ಕೇಳಬೇಕು.

ಒಪ್ಪಿಸೆನೆಂದವರು

ಮೂರನೆಯ ವಾಕ್ಯದ ಬಲೆಯಲ್ಲೂ ಒಂದು ಕಣ್ಣಿ ಸಡಿಲವಾಗಿತ್ತು. 1837ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಸಂಸಾರ ಮಾಡಿಕೊಂಡಿದ್ದ ಮಾರ್ಗರೆಟ್ ಮಾರ್ಗನ್ ಎಂಬ ಹೆಂಗಸನ್ನು ಮಕ್ಕಳ ಸಮೇತ ಮೇರಿಲ್ಯಾಂಡಿಗೆ ಎಳೆದೊಯ್ದರು. ಆ ಮಕ್ಕಳಲ್ಲಿ ಗುಲಾಮಗಿರಿಯಿಲ್ಲದ ನೆಲದಲ್ಲೇ ಹುಟ್ಟಿದ ಮಗುವೂ ಇತ್ತು. ಎಳೆದೊಯ್ದ ಎಡ್ವರ್ಡ್ ಪ್ರಿಗ್‌ನ ಮೊಕದ್ದಮೆಯಲ್ಲಿ 1842ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವನ ಪರವಾಗಿಯೇ ತೀರ್ಪಿತ್ತಿತು. ಆದರೆ ಒಕ್ಕೂಟದ ಕಾಯ್ದೆಯನ್ನು ಜಾರಿ ಮಾಡುವಂತೆ ರಾಜ್ಯದ ಅಧಿಕಾರಿಗಳನ್ನು ಒತ್ತಾಯಿಸಲಾಗದು ಎಂಬ ಮಾತೂ ಅದೇ ತೀರ್ಪಿನಲ್ಲಿತ್ತು. ಉತ್ತರದ ಹಲವು ರಾಜ್ಯಗಳು ಆ ಒಂದು ಮಾತನ್ನೇ ಹಿಡಿದು, ತಮ್ಮ ಜೈಲುಗಳನ್ನೂ ಪೇದೆಗಳನ್ನೂ ಈ ಕೆಲಸಕ್ಕೆ ಕೊಡುವುದಿಲ್ಲವೆಂದು ಕಾನೂನು ಮಾಡಿಕೊಂಡವು.

ಎರಡನೆಯ ವಾಕ್ಯದ ಕಥೆಯೂ ಹೀಗೆಯೇ. ಕೆಂಟಕಿಯ ಗುಲಾಮ ಹೆಣ್ಣೊಬ್ಬಳು ತಪ್ಪಿಸಿಕೊಳ್ಳಲು ನೆರವಾದ ವಿಲ್ಲಿಸ್ ಲಾಗೊ ಎಂಬ ಸ್ವತಂತ್ರ ಕಪ್ಪು ಮನುಷ್ಯನನ್ನು ಒಪ್ಪಿಸಲು ಒಹಾಯೊ ರಾಜ್ಯದ ಗವರ್ನರು ನಿರಾಕರಿಸಿದರು. ಒಪ್ಪಿಸುವುದು ಗವರ್ನರರ ಕರ್ತವ್ಯವೇ ಹೌದು, ಆದರೆ ಆ ಕರ್ತವ್ಯವನ್ನು ಬಲವಂತವಾಗಿ ಮಾಡಿಸುವ ಅಧಿಕಾರ ಒಕ್ಕೂಟಕ್ಕಿಲ್ಲ ಎಂದು 1861ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಮರುತಿಂಗಳೇ ಅಂತರ್ಯುದ್ಧ ಆರಂಭವಾಯಿತು. 1865ರ ಹದಿಮೂರನೆಯ ತಿದ್ದುಪಡಿ ಗುಲಾಮಗಿರಿಯನ್ನು ರದ್ದು ಮಾಡಿ ಮೂರನೆಯ ವಾಕ್ಯವನ್ನು ನಿಷ್ಫಲಗೊಳಿಸಿತು.

ಗವರ್ನರರ ಆ ಸ್ವಾತಂತ್ರ್ಯ ಮಾತ್ರ ನೂರಕ್ಕೂ ಹೆಚ್ಚು ವರ್ಷ ಉಳಿಯಿತು. ಜಾರ್ಜಿಯಾದಲ್ಲಿ ಸರಪಳಿ ಬಿಗಿದು ದುಡಿಸಿಕೊಳ್ಳುತ್ತಿದ್ದ ಕೈದಿಗಳ ಶಿಬಿರದಿಂದ ತಪ್ಪಿಸಿಕೊಂಡ ರಾಬರ್ಟ್ ಬರ್ನ್ಸ್‌ನನ್ನು ನ್ಯೂಜೆರ್ಸಿಯ ಗವರ್ನರು 1932ರಲ್ಲಿ ಒಪ್ಪಿಸಲಿಲ್ಲ. ಅಲಬಾಮಾದ ಸ್ಕಾಟ್ಸ್‌ಬರೊ ಮೊಕದ್ದಮೆಯಲ್ಲಿ ಅನ್ಯಾಯವಾಗಿ ಶಿಕ್ಷೆಗೊಳಗಾಗಿ, 1948ರಲ್ಲಿ ತಪ್ಪಿಸಿಕೊಂಡ ಹೇವುಡ್ ಪ್ಯಾಟರ್ಸನ್‌ನನ್ನು ಮಿಚಿಗನ್ನಿನ ಗವರ್ನರು 1950ರಲ್ಲಿ ಒಪ್ಪಿಸಲಿಲ್ಲ. 1987ರಲ್ಲಿ ಸರ್ವೋಚ್ಚ ನ್ಯಾಯಾಲಯ ಹಳೆಯ ತೀರ್ಪನ್ನು ಬದಿಗೆ ಸರಿಸಿ, ಒಪ್ಪಿಸುವಂತೆ ಗವರ್ನರರಿಗೆ ನ್ಯಾಯಾಲಯಗಳು ಆಜ್ಞಾಪಿಸಬಹುದೆಂದಿತು. ಕಾನೂನಿನ ದೃಷ್ಟಿಯಿಂದ ಇದು ಸರಿಯಿರಬಹುದು; ಗವರ್ನರರ ಮರ್ಜಿ ಎಲ್ಲ ಕಾಲಕ್ಕೂ ದುರ್ಬಲರ ಪರವಾಗಿಯೇ ಇರುತ್ತದೆಂಬ ಖಾತರಿಯೇನೂ ಇಲ್ಲ. ವಿವಾದವಂತೂ ಮುಗಿದಿಲ್ಲ. ಗರ್ಭಪಾತದ ಹಕ್ಕನ್ನು 2022ರಲ್ಲಿ ರಾಜ್ಯಗಳ ವಿವೇಚನೆಗೆ ಬಿಟ್ಟ ಮೇಲೆ ಗಡಿ ಮತ್ತೆ ಮುಳ್ಳಾಗಿದೆ. ಮಾತ್ರೆ ಕಳಿಸಿದ ವೈದ್ಯರೊಬ್ಬರನ್ನು ಒಪ್ಪಿಸಬೇಕೆಂದು ಲೂಯಿಸಿಯಾನಾ 2025ರಲ್ಲಿ ಕೇಳಿದಾಗ ನ್ಯೂಯಾರ್ಕಿನ ಗವರ್ನರು ನಿರಾಕರಿಸಿದರು. ಅಪರಾಧ ನಡೆಯಿತೆನ್ನುವ ರಾಜ್ಯಕ್ಕೆ ಕಾಲೇ ಇಡದವನು ಅಲ್ಲಿಂದ 'ಓಡಿಹೋದವನು' ಹೇಗಾದಾನು ಎಂಬ ವಾದಕ್ಕೆ 1903ರಷ್ಟು ಹಳೆಯ ತೀರ್ಪಿನ ಆಧಾರವಿದೆ.

ಸಿಂಪಿ, ಸೀಗಡಿ, ಕಡವೆ

ಮೊದಲನೆಯ ವಾಕ್ಯಕ್ಕೆ ನ್ಯಾಯಾಲಯಗಳು ಅರ್ಥ ಕೊಟ್ಟದ್ದು ನಮ್ಮಂಥ ಪರಿಸರದವರಿಗೆ ಆಪ್ತವಾದ ಪ್ರಕರಣಗಳ ಮೂಲಕ ಎಂಬುದು ಸ್ವಾರಸ್ಯಕರ. ತನ್ನ ನೀರಿನಲ್ಲಿ ಹೊರರಾಜ್ಯದವರು ಸಿಂಪಿ ಹಿಡಿಯಬಾರದೆಂದು ನ್ಯೂಜೆರ್ಸಿ ಕಾನೂನು ಮಾಡಿತ್ತು. 1823ರಲ್ಲಿ ನ್ಯಾಯಮೂರ್ತಿ ಬುಶ್‌ರಾಡ್ ವಾಷಿಂಗ್ಟನ್ ಅದನ್ನು ಎತ್ತಿಹಿಡಿದರು. ಸಂಚಾರ, ವಾಸ, ಉದ್ಯೋಗ, ನ್ಯಾಯಾಲಯದ ರಕ್ಷಣೆ ಮೊದಲಾದ ಮೂಲಭೂತ ಹಕ್ಕುಗಳು ಎಲ್ಲ ನಾಗರಿಕರಿಗೂ ಉಂಟು. ಸಿಂಪಿಯ ತಾಣಗಳು ಮಾತ್ರ ಆ ರಾಜ್ಯದ ಜನರ ಸಮಾನ ಸ್ವತ್ತು ಎಂಬುದು ಅವರ ನಿಲುವು. ಆದರೆ ದಕ್ಷಿಣ ಕೆರೊಲಿನಾ ಸೀಗಡಿ ಹಿಡಿಯುವ ದೋಣಿಗೆ ಸ್ಥಳೀಯರಿಂದ 25 ಡಾಲರನ್ನೂ ಹೊರಗಿನವರಿಂದ 2500 ಡಾಲರನ್ನೂ ವಸೂಲು ಮಾಡಲು ಹೊರಟಾಗ, 1948ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಸಂರಕ್ಷಣೆಯೇ ಉದ್ದೇಶವಾದರೆ ದೋಣಿಯ ಗಾತ್ರ, ಬಲೆಯ ಬಗೆಯನ್ನು ನೋಡಿ ನಿಯಂತ್ರಿಸಬಹುದು. ಊರು ನೋಡಿ ಬದುಕನ್ನು ಕಿತ್ತುಕೊಳ್ಳುವಂತಿಲ್ಲ. ಇನ್ನು ಮೊಂಟಾನಾದಲ್ಲಿ ಕಡವೆಯ ಜಾತಿಯ ದೊಡ್ಡ ಜಿಂಕೆಯ ಬೇಟೆಯೂ ಸೇರಿದ ಪರವಾನಗಿಗೆ ಸ್ಥಳೀಯರು 30 ಡಾಲರು ಕೊಟ್ಟರೆ ಹೊರಗಿನವರು 225 ಡಾಲರು ಕೊಡಬೇಕಿತ್ತು. 1978ರಲ್ಲಿ ನ್ಯಾಯಾಲಯ ಇದನ್ನು ಒಪ್ಪಿತು. ವಿನೋದದ ಬೇಟೆ ಮೂಲಭೂತ ಹಕ್ಕಲ್ಲ.

ಈ ಮೂರು ತೀರ್ಪುಗಳ ನಡುವಿನ ಗೆರೆ ನಮ್ಮ ಚಳವಳಿಗೂ ಬೇಕು. 'ಹೊರಗಿನವರು' ಎಂಬ ಪದವನ್ನು ನಾವೂ ಧಾರಾಳವಾಗಿ ಬಳಸುತ್ತೇವೆ. ಗುಡ್ಡ ಕಡಿದು ರೆಸಾರ್ಟ್ ಕಟ್ಟುವವನೂ ಹೊರಗಿನವನು, ಮೆಣಸು ಕೊಯ್ಯಲು ಬರುವ ಜಾರ್ಖಂಡಿನವನೂ ಹೊರಗಿನವನು. ಮೊದಲನೆಯವನನ್ನು ತಡೆಯಬೇಕಾದದ್ದು ಅವನು ಗುಡ್ಡಕ್ಕೆ ಮಾಡುತ್ತಿರುವ ಹಾನಿಗಾಗಿ. ಆ ಹಾನಿಯನ್ನು ಊರಿನವನೇ ಮಾಡಿದರೂ ತಡೆಯಬೇಕು. ಎರಡನೆಯವನು ಬಂದದ್ದು ಬದುಕಲು. ಇಬ್ಬರಿಗೂ ಒಂದೇ ಪದ ಬಳಸಿದರೆ ಪೆಟ್ಟು ಬೀಳುವುದು ಯಾರ ಬೆನ್ನಿಗೆಂದು ಹೇಳಬೇಕಾಗಿಲ್ಲ.

ಮಣ್ಣು ಹೋದ ಮೇಲೆ

ಮಣ್ಣಿನ ವಿದ್ಯಾರ್ಥಿಯಾದ ನನ್ನನ್ನು ಬಹುವಾಗಿ ತಟ್ಟಿದ್ದು 1941ರ ಪ್ರಕರಣ. ಹುಲ್ಲುಗಾವಲಿನ ಹೊದಿಕೆಯನ್ನು ಉತ್ತು ಗೋಧಿ ಬಿತ್ತಿದ ಅಮೆರಿಕದ ಬಯಲುಗಳಲ್ಲಿ 1930ರ ದಶಕದಲ್ಲಿ ಬರ ಬಂದಾಗ ಮೇಲ್ಮಣ್ಣು ಧೂಳಾಗಿ ಹಾರಿಹೋಯಿತು. ಬರ, ಸಾಲ, ಕುಸಿದ ಬೆಲೆ, ಗೇಣಿದಾರರನ್ನು ಬಿಡಿಸಿದ ಟ್ರ್ಯಾಕ್ಟರು ಎಲ್ಲವೂ ಕೂಡಿ ಲಕ್ಷಾಂತರ ಜನರನ್ನು ಪಶ್ಚಿಮಕ್ಕೆ ಅಟ್ಟಿದವು. 1936ರಲ್ಲಿ ಲಾಸ್ ಏಂಜಲಿಸ್ ನಗರದ ಪೊಲೀಸ್ ಮುಖ್ಯಸ್ಥರು 136 ಪೊಲೀಸರನ್ನು ನಗರದಿಂದ ಬಹುದೂರದ ರಾಜ್ಯದ ಗಡಿಗಳಿಗೆ ಕಳಿಸಿ, ಕೈಯಲ್ಲಿ ಕಾಸಿಲ್ಲದವರನ್ನು ಹಿಂದಕ್ಕೆ ಅಟ್ಟಿಸಿದರು. ನಿರ್ಗತಿಕರನ್ನು ರಾಜ್ಯದೊಳಗೆ ಕರೆತರುವುದು ಅಪರಾಧವೆಂಬ ಕಾನೂನೂ ಕ್ಯಾಲಿಫೋರ್ನಿಯಾದಲ್ಲಿತ್ತು. ಫ್ರೆಡ್ ಎಡ್ವರ್ಡ್ಸ್ ಎಂಬಾತ ಟೆಕ್ಸಾಸಿನಿಂದ ತನ್ನ ಹೆಂಡತಿಯ ತಮ್ಮನನ್ನು ಕಾರಿನಲ್ಲಿ ಮನೆಗೆ ಕರೆತಂದದ್ದಕ್ಕೆ ಅವನಿಗೆ ಆರು ತಿಂಗಳ ಶಿಕ್ಷೆ ವಿಧಿಸಿ ಅಮಾನತ್ತಿನಲ್ಲಿಟ್ಟರು. ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ ಆ ಕಾನೂನನ್ನು ರದ್ದು ಮಾಡಿತು. ಬಡವನೆಂದರೆ ಕೆಟ್ಟವನೆಂದು ತಿಳಿಯುವ ಕಾಲ ಮುಗಿಯಿತು, ಯಾವ ರಾಜ್ಯವೂ ದೇಶದ ಕಷ್ಟಕ್ಕೆ ಬೆನ್ನು ತಿರುಗಿಸಿ ಕದ ಮುಚ್ಚಿಕೊಳ್ಳುವಂತಿಲ್ಲ ಎಂಬುದು ಆ ತೀರ್ಪಿನ ಸಾರ. ಮಣ್ಣು ಕಳೆದುಕೊಂಡವನು ಅಪರಾಧಿಯಲ್ಲ, ನಾಗರಿಕ ಎಂದು ಒಪ್ಪಿಕೊಳ್ಳಲು ಆ ಗಣರಾಜ್ಯಕ್ಕೆ ಒಂದೂವರೆ ಶತಮಾನ ಹಿಡಿಯಿತು.

ಮುಂಗಡವೆಂಬ ಹಗ್ಗ

ಈಗ ತೋಟದ ಯಜಮಾನರ ಮಾತಿಗೆ ಮರಳೋಣ. ಅಮೆರಿಕದಲ್ಲಿ ಗುಲಾಮಗಿರಿ ಹೋದರೂ ಓಡಿಹೋದವನೆಂಬ ಪದ ಹೋಗಲಿಲ್ಲ. ಮುಂಗಡದ ರೂಪದಲ್ಲಿ ಮರಳಿ ಬಂದಿತು. ಅಲೊಂಜೊ ಬೈಲಿ ಎಂಬ ಕಪ್ಪು ಕೃಷಿ ಕೂಲಿಗಾರ 15 ಡಾಲರ್ ಮುಂಗಡ ಪಡೆದು ತಿಂಗಳು ಕಳೆದ ಮೇಲೆ ಕೆಲಸ ಬಿಟ್ಟ. ಹಣ ತೀರಿಸದೆ ಕೆಲಸ ಬಿಟ್ಟದ್ದೇ ಮೋಸಕ್ಕೆ ಪುರಾವೆಯೆಂದು ಅಲಬಾಮಾದ ಕಾನೂನು ಹೇಳುತ್ತಿತ್ತು. 1911ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದು ಮಾಡಿತು. ಸಾಲ ಬಾಕಿಯಾದರೆ ವಸೂಲಿಗೆ ದಾವೆ ಹೂಡಬಹುದು, ಸೆರೆಯ ಭಯ ತೋರಿಸಿ ದುಡಿಸಿಕೊಳ್ಳುವುದು ಜೀತವೇ ಸರಿ ಎಂಬುದು ತೀರ್ಪಿನ ತಿರುಳು.

ನಮ್ಮ ಬೆಟ್ಟಗಳ ಚರಿತ್ರೆ ಇದಕ್ಕಿಂತ ಬೇರೆಯಲ್ಲ. ಬ್ರಿಟಿಷ್ ಸರ್ಕಾರದ 1859ರ ಹದಿಮೂರನೆಯ ಕಾಯ್ದೆಯ ಪ್ರಕಾರ ಮುಂಗಡ ಪಡೆದು ಕೆಲಸಕ್ಕೆ ಬಾರದ ಆಳನ್ನು ಮ್ಯಾಜಿಸ್ಟ್ರೇಟರ ಮುಂದೆ ತಂದು ನಿಲ್ಲಿಸಬಹುದಿತ್ತು. ಹಣವನ್ನೂ ತೀರಿಸದೆ ಕೆಲಸವನ್ನೂ ಮಾಡದಿದ್ದರೆ ಮೂರು ತಿಂಗಳವರೆಗೆ ಸೆರೆ. ಕೊಡಗು, ವೈನಾಡು, ನೀಲಗಿರಿಯ ಬಿಳಿಯ ಪ್ಲಾಂಟರುಗಳಿಗೆ ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ಬರುತ್ತಿದ್ದ ಆಳುಗಳನ್ನು ಹಿಡಿದಿಡಲು ಇದೇ ಹಗ್ಗವಾಗಿತ್ತು. 1926ರಲ್ಲಿ ಆ ಕಾಯ್ದೆ ರದ್ದಾಯಿತು. ನೂರು ವರ್ಷಗಳಾದವು. ಆದರೂ ಮುಂಗಡ ಪಡೆದು ಹೋದವನಿಗೆ ಪೊಲೀಸ್ ಠಾಣೆಯೇ ಸರಿಯಾದ ಜಾಗವೆಂಬ ನಂಬಿಕೆ ನಮ್ಮ ತೋಟಗಳಲ್ಲಿ ಇನ್ನೂ ಸತ್ತಿಲ್ಲ.

ನಮ್ಮ ಸಂವಿಧಾನ ಈ ವಿಷಯದಲ್ಲಿ ಅಮೆರಿಕದ ಕಷ್ಟವನ್ನು ಆರಂಭದಲ್ಲೇ ತಪ್ಪಿಸಿಕೊಂಡಿತು. ನಮಗೆ ಇರುವುದು ಒಂದೇ ಪೌರತ್ವ. 19ನೆಯ ವಿಧಿ ದೇಶದ ಎಲ್ಲೆಡೆ ಸಂಚರಿಸುವ, ನೆಲೆಸುವ ಹಕ್ಕನ್ನು ಕೊಟ್ಟಿದೆ. 23ನೆಯ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿದೆ. ಆರೋಪಿಯನ್ನು ಬೆನ್ನಟ್ಟಿ ಒಂದು ರಾಜ್ಯದ ಪೊಲೀಸರು ಇನ್ನೊಂದು ರಾಜ್ಯಕ್ಕೆ ಹೋಗಲು ರಾಜ್ಯಪಾಲರ ಪತ್ರವೇನೂ ಬೇಕಿಲ್ಲ. ಹೀಗಾಗಿ ಹಿಡಿಯುವ ಕೈ ನಮ್ಮಲ್ಲಿ ಉದ್ದವಾಗಿದೆ. ಕಾಯುವ ಕೈ ಅಷ್ಟೇ ಉದ್ದವಾಗಿದೆಯೇ?

2020ರ ವಸಂತವನ್ನು ನೆನೆಯಿರಿ. ನಮ್ಮ ರಾಜ್ಯ ಕೇರಳದ ಗಡಿರಸ್ತೆಗಳಿಗೆ ಮಣ್ಣು ಸುರಿದಾಗ ಕಾಸರಗೋಡಿನ ರೋಗಿಗಳು ಮಂಗಳೂರಿನ ಆಸ್ಪತ್ರೆಗೆ ಬರಲಾಗಲಿಲ್ಲ. ಏಪ್ರಿಲ್ 1ರಂದು ಕೇರಳ ಹೈಕೋರ್ಟು ಸಂಚಾರದ ಹಕ್ಕು, ಜೀವದ ಹಕ್ಕುಗಳನ್ನು ನೆನಪಿಸಿ ದಾರಿ ತೆರೆಸಲು ಆದೇಶಿಸಬೇಕಾಯಿತು. ಮೇ 5ರಂದು, ಕಟ್ಟಡ ಉದ್ಯಮಿಗಳೊಡನೆ ಸಭೆ ನಡೆದ ದಿನವೇ, ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುವ ರೈಲುಗಳು ಬೇಡವೆಂದು ನಮ್ಮ ಸರ್ಕಾರ ರೈಲ್ವೆಗೆ ತಿಳಿಸಿತು. ಟೀಕೆಗಳ ಸುರಿಮಳೆಯಾದ ಮೇಲೆ ಕೆಲವೇ ದಿನಗಳಲ್ಲಿ ರೈಲುಗಳು ಮತ್ತೆ ಹೊರಟವು. ಒಂದು ಕಡೆ ಬರುವವನಿಗೆ ತಡೆ, ಇನ್ನೊಂದು ಕಡೆ ಹೋಗುವವನಿಗೆ ತಡೆ. ಆ ಕೆಲವು ದಿನಗಳ ಮಟ್ಟಿಗೆ, ಮನೆಗೆ ಹೊರಟ ಕಾರ್ಮಿಕ ನಮ್ಮ ಕಣ್ಣಿಗೆ ಓಡಿಹೋಗುತ್ತಿರುವವನಂತೆಯೇ ಕಂಡಿದ್ದ.

ಯಂತ್ರದ ಮಾತಿಗೆ ಬಂದರೂ ಅಷ್ಟೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಅಂಥ ಐದು ಜನರಿದ್ದ ಕಡೆ ಅನ್ವಯಿಸುತ್ತಿತ್ತು. ಅದು ವಿಲೀನವಾದ 2020ರ ಸಂಹಿತೆಯಲ್ಲಿ ಆ ಸಂಖ್ಯೆ ಹತ್ತಕ್ಕೆ ಏರಿದೆ. ಆರು ಜನರನ್ನು ಇಟ್ಟುಕೊಂಡ ನಮ್ಮ ತೋಟ ಹಳೆಯ ಲೆಕ್ಕದಲ್ಲಿ ಬರುತ್ತಿತ್ತು, ಹೊಸದರಲ್ಲಿ ಬರುವುದಿಲ್ಲ. ಹಕ್ಕಿನ ವಾಕ್ಯ ಹಾಗೆಯೇ ಇದೆ. ಅದರ ಕೈಕಾಲು ಸಣ್ಣದಾಗಿದೆ.

ನಮ್ಮ ಬಳಗ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಮುಂಗಡವನ್ನು ಬರವಣಿಗೆಯಲ್ಲಿ ಕೊಡುವುದು. ಕೂಲಿಯಿಂದ ಎಷ್ಟು ಕಳೆಯಲಾಯಿತೆಂಬ ಚೀಟಿ ಆಳಿನ ಕೈಯಲ್ಲೂ ಇರುವುದು. ಬಾಕಿಯನ್ನು ಸಿವಿಲ್ ಬಾಕಿಯಾಗಿಯೇ ಕಾಣುವುದು. ಗುರುತಿನ ಚೀಟಿಯನ್ನು ಒತ್ತೆಯಿಟ್ಟುಕೊಳ್ಳದಿರುವುದು. ಬೆಳೆಗಾರರ ಸಂಘಗಳ ಜೊತೆ ಕುಳಿತು ಇಷ್ಟನ್ನು ಒಪ್ಪಿಸಲು ಸಾಧ್ಯವಿದೆ. ತೋಟದ ಯಜಮಾನರು ಆ ದಿನ ಠಾಣೆಗೆ ಹೋಗಲಿಲ್ಲ. ಆರು ಜನ ಏಕೆ ಹೋದರೆಂದು ರೈಟರನ್ನು ವಿಚಾರಿಸಿದಾಗ, ಮೇಸ್ತ್ರಿ ಎರಡು ವಾರದ ಬಟವಾಡೆಯನ್ನು ಅವರಿಗೆ ಮುಟ್ಟಿಸಿಯೇ ಇರಲಿಲ್ಲವೆಂದು ತಿಳಿಯಿತು.

ಕೊನೆಯದಾಗಿ ಒಂದು ಮಾತು. 2018ರಲ್ಲಿ ಕೊಡಗಿನ ಗುಡ್ಡಗಳು ಜಾರಿದವು. 2024ರ ಜುಲೈ 30ರಂದು ವೈನಾಡಿನಲ್ಲಿ ಊರುಗಳೇ ಕೊಚ್ಚಿಹೋದಾಗ ಸತ್ತವರಲ್ಲಿ ಕರ್ನಾಟಕದಿಂದ ದುಡಿಯಲು ಹೋಗಿ ನೆಲೆಸಿದ್ದವರೂ ಇದ್ದರು. ಮಣ್ಣು ಹೀಗೆಯೇ ಜಾರುತ್ತ ಹೋದರೆ ನಾಳೆ ಗಂಟುಮೂಟೆ ಹೊತ್ತು ಯಾವುದೋ ಗಡಿಯ ಮುಂದೆ ನಿಲ್ಲುವವರು ನಮ್ಮ ಮಕ್ಕಳೇ ಆಗಿರಬಹುದು. ಅಲ್ಲಿ ಅವರನ್ನು ಯಾವ ಹೆಸರಿನಿಂದ ಕರೆಯಬೇಕೆಂದು ನಾವು ಬಯಸುತ್ತೇವೋ, ಆ ಹೆಸರಿನಿಂದಲೇ ಇಂದು ನಮ್ಮ ಲೈನು ಮನೆಗಳಲ್ಲಿರುವವರನ್ನು ಕರೆಯೋಣ.